ಸಾಗಿಸುವ ಖರ್ಚು ಸಿಕ್ಕಿತು, ಸಾಗಿಸುವ ದಾರಿ ಸಿಗಲಿಲ್ಲ: ಒಂದು ಪ್ರಕರಣ ಅಧ್ಯಯನ

ಇದು ಎಂ.ಎಸ್ಸಿ. ಗಣಿತ ಓದುತ್ತಿದ್ದ ಒಬ್ಬ ವಿದ್ಯಾರ್ಥಿನಿಯ ಪ್ರಾಜೆಕ್ಟ್‌ಗೆ ಸಂಬಂಧಿಸಿದ್ದು. ವಿಷಯ ಆಪ್ಟಿಮಲ್ ಟ್ರಾನ್ಸ್‌ಪೋರ್ಟ್. ಒಂದು ಕಡೆ ಇರುವ ಸರಕನ್ನು ಇನ್ನೊಂದು ಕಡೆಗೆ ಆದಷ್ಟು ಕಡಿಮೆ ಖರ್ಚಿನಲ್ಲಿ ಸಾಗಿಸುವುದು ಹೇಗೆ ಅನ್ನುವ ಲೆಕ್ಕ. ಹೆಸರು, ಊರು, ಕಾಲೇಜು ಯಾವುದನ್ನೂ ಇಲ್ಲಿ ಹೇಳುವುದಿಲ್ಲ. ಆ ಪ್ರಾಜೆಕ್ಟ್‌ಗೆ ನಾನು ಎರಡನೇ ಗೈಡ್ ಆಗಿದ್ದೆ. ಮುಖ್ಯ ಗೈಡ್ ಬೇರೆಯವರು.

ಬರೆಯಲು ಕಾರಣ ಇದೆ. ‘ಈ ಸಮಸ್ಯೆಗೆ ಉತ್ತರ ಅಂತ ಒಂದು ಇದೆಯಾ?’ ಎಂಬ ಪ್ರಶ್ನೆಯನ್ನು ನಮ್ಮ ವಿದ್ಯಾರ್ಥಿಗಳು ಪುಸ್ತಕದ ಮೊದಲ ಪುಟದ ಶಾಸ್ತ್ರ ಅಂದುಕೊಂಡಿರುತ್ತಾರೆ. ಅದನ್ನು ಬೇಗ ಮುಗಿಸಿ ಲೆಕ್ಕಕ್ಕೆ ಇಳಿಯುವ ಆತುರ. ಇಲ್ಲಿ ಹಾಗೆ ಇಳಿದಾಗ ಖರ್ಚಿನ ಅಂಕಿ ಸೊಗಸಾಗಿ ಬಂತು, ಸಾಗಿಸುವ ವಿಧಾನ ಮಾತ್ರ ಕೈಗೆ ಸಿಗಲೇ ಇಲ್ಲ.

ಹಿನ್ನೆಲೆ

ಫ್ರಾನ್ಸಿನ ಗ್ಯಾಸ್ಪಾರ್ ಮೊಂಜ್ 1781ರಲ್ಲಿ ಈ ಸಮಸ್ಯೆಯನ್ನು ಎತ್ತಿದ. ಒಂದು ಕಡೆ ಅಗೆದ ಮಣ್ಣಿದೆ, ಇನ್ನೊಂದು ಕಡೆ ದಿಬ್ಬ ಕಟ್ಟಬೇಕು. ಯಾವ ಹಿಡಿ ಮಣ್ಣನ್ನು ಎಲ್ಲಿಗೆ ಒಯ್ದರೆ ಒಟ್ಟು ಹೊರೆ ಕಡಿಮೆ? ಹೊರೆ ಅಂದರೆ ತೂಕ ಗುಣಿಸು ದೂರ. ಮೊಂಜ್‌ನ ಲೆಕ್ಕದಲ್ಲಿ ಪ್ರತಿ ಕಣಕ್ಕೂ ಒಂದೇ ವಿಳಾಸ. ಒಂದು ಜಾಗದ ಮಣ್ಣು ಪೂರ್ತಿ ಒಂದೇ ಜಾಗಕ್ಕೆ ಹೋಗಬೇಕು, ಅರ್ಧ ಅಲ್ಲಿಗೆ ಅರ್ಧ ಇಲ್ಲಿಗೆ ಅನ್ನುವ ಹಾಗಿಲ್ಲ. ಇಂಥ ನಿಯಮವನ್ನೇ ಮ್ಯಾಪ್ ಎನ್ನುತ್ತೇವೆ. ಅತ್ಯುತ್ತಮ ಸಾಗಣೆಯಲ್ಲಿ ದಾರಿಗಳು ಒಂದನ್ನೊಂದು ದಾಟುವುದಿಲ್ಲ ಎಂದು ಆತ ಆಗಲೇ ಗಮನಿಸಿದ್ದ. ದಾಟಿದರೆ ಎರಡರ ಗುರಿಗಳನ್ನು ಅದಲು ಬದಲು ಮಾಡಿ ಖರ್ಚು ಇಳಿಸಬಹುದು, ತ್ರಿಕೋನದ ಎರಡು ಬದಿ ಸೇರಿದರೆ ಮೂರನೆಯದಕ್ಕಿಂತ ಉದ್ದ ಅಲ್ವಾ.

ಆದರೆ ಅತ್ಯುತ್ತಮ ಸಾಗಣೆ ಅಂತ ಒಂದು ಇದೆಯೇ? ಆಗಿನ ಕಾಲಕ್ಕೆ ಆ ಪ್ರಶ್ನೆ ರೂಢಿಯಲ್ಲೇ ಇರಲಿಲ್ಲ. ಮುಂದಿನ ಶತಮಾನದಲ್ಲೂ ಜರ್ಮನಿಯ ಗಣಿತಜ್ಞ ರೀಮಾನ್ ತನ್ನ 1851ರ ಪ್ರಬಂಧದಲ್ಲಿ, ಒಂದು ಇಂಟಿಗ್ರಲ್‌ನ ಬೆಲೆಯನ್ನು ಅತಿ ಕಡಿಮೆ ಮಾಡುವ ಫಂಕ್ಷನ್ ಸಿಕ್ಕೇ ಸಿಗುತ್ತದೆ ಎಂದು ನಂಬಿ ಮುಂದೆ ಹೋದ. 1870ರಲ್ಲಿ ವಯರ್‌ಸ್ಟ್ರಾಸ್ ಆ ನಂಬಿಕೆಗೆ ಕೈ ಹಾಕಿದ. ಸೊನ್ನೆಗೆ ಎಷ್ಟು ಬೇಕಾದರೂ ಹತ್ತಿರ ತರಬಹುದಾದ, ಆದರೆ ಎಂದೂ ಸೊನ್ನೆ ಆಗದ ಒಂದು ಇಂಟಿಗ್ರಲ್ ತೋರಿಸಿದ. ರೀಮಾನ್‌ನ ದಾರಿಯನ್ನು ಹಿಲ್ಬರ್ಟ್ ಮತ್ತೆ ಗಟ್ಟಿ ನೆಲದ ಮೇಲೆ ನಿಲ್ಲಿಸಿದ್ದು 1900ರ ಹೊತ್ತಿಗೆ.

ವಿದ್ಯಾರ್ಥಿನಿಗೆ ಈ ಇತಿಹಾಸ ಗೊತ್ತಿತ್ತು. ತನ್ನ ಲೆಕ್ಕಕ್ಕೂ ಅದು ತಗಲುತ್ತದೆ ಅನ್ನುವುದು ಗೊತ್ತಿರಲಿಲ್ಲ.

ಸಮಸ್ಯೆ

ಅವಳಿಗೆ ಕೊಟ್ಟ ಕೆಲಸ ಸುಲಭವಾಗಿ ಕಾಣುತ್ತಿತ್ತು. ಚಿಕ್ಕದೊಂದು ಉದಾಹರಣೆ ಆರಿಸಿಕೊಳ್ಳಬೇಕು, ಕಂಪ್ಯೂಟರ್‌ನಲ್ಲಿ ಬಿಡಿಸಬೇಕು, ಉತ್ತರ ಅತ್ಯುತ್ತಮ ಎಂದು ಸಾಧಿಸಬೇಕು.

ಅವಳು ಆರಿಸಿಕೊಂಡದ್ದು ಮೂರು ಗೆರೆಗಳನ್ನು. ಮೂರೂ ನೆಟ್ಟಗೆ ನಿಂತಿವೆ, ಮೂರೂ 1 ಮೀಟರ್ ಎತ್ತರ. ನಡುಗೆರೆಯ ಮೇಲೆ 1 ಕೆಜಿ ಮರಳು ಒಂದೇ ಸಮ ಹರಡಿದೆ. ಅದರ ಎಡಕ್ಕೆ 1 ಮೀಟರ್ ದೂರದಲ್ಲಿ ಎಡಗೆರೆ, ಬಲಕ್ಕೆ ಅಷ್ಟೇ ದೂರದಲ್ಲಿ ಬಲಗೆರೆ. ಎರಡರ ಮೇಲೂ ಅರ್ಧರ್ಧ ಕೆಜಿ ಒಂದೇ ಸಮ ಹರಡಬೇಕು. ಗೆರೆಗಳಿಗೆ ದಪ್ಪ ಇಲ್ಲ. ಖರ್ಚು ಮೊಂಜ್ ಹೇಳಿದ್ದೇ, ಸಾಗಿದ ದೂರ. ಚಿತ್ರ ಬಿಡಿಸಿದರೆ ಎಡ ಬಲ ಕನ್ನಡಿ ಹಿಡಿದ ಹಾಗಿದೆ. ಉತ್ತರವೂ ಅಷ್ಟೇ ಚೆಂದ ಇರುತ್ತದೆ ಅಂತ ಯಾರಿಗಾದರೂ ಅನಿಸುತ್ತದೆ.

ನಡುಗೆರೆಯಲ್ಲಿ 10 ಚುಕ್ಕಿ, ಎಡದಲ್ಲಿ 5, ಬಲದಲ್ಲಿ 5 ಇಟ್ಟು, ಯಾವ ಚುಕ್ಕಿ ಎಲ್ಲಿಗೆ ಎಂದು ಪ್ರೋಗ್ರಾಂ ಹತ್ತಿರ ಕೇಳಿದಳು. ಸರಾಸರಿ ಖರ್ಚು 1.00125 ಬಂತು. 100 ಚುಕ್ಕಿ ಇಟ್ಟಾಗ 1.0000125. 1000 ಇಟ್ಟಾಗ 1.000000125. ಖರ್ಚು 1ರ ಕಡೆಗೆ ಇಳಿಯುತ್ತಿದೆ. ಇದಕ್ಕಿಂತ ಚೆನ್ನಾಗಿ ಅಂಕಿಗಳು ನಡೆದುಕೊಳ್ಳುವುದಿಲ್ಲ.

ತೊಂದರೆ ಚಿತ್ರದಲ್ಲಿತ್ತು. ಎಡಕ್ಕೆ ಹೋಗುವ ಚುಕ್ಕಿಗೆ ಕೆಂಪು, ಬಲಕ್ಕೆ ಹೋಗುವುದಕ್ಕೆ ನೀಲಿ ಬಣ್ಣ ಕೊಟ್ಟಿದ್ದಳು. 10 ಚುಕ್ಕಿಗೆ ಕೆಂಪು ನೀಲಿ ಬೆರೆತ ಒಂದು ಪಟ್ಟೆ. ಚುಕ್ಕಿಗಳನ್ನು ಪ್ರೋಗ್ರಾಂಗೆ ಕೊಡುವ ಕ್ರಮ ಬದಲಿಸಿದರೆ ಬೇರೆ ಪಟ್ಟೆ. 100ಕ್ಕೆ ಹೋದರೆ ಪಟ್ಟೆ ಇನ್ನೂ ಸಣ್ಣ, 10ರ ಚಿತ್ರಕ್ಕೂ ಇದಕ್ಕೂ ಹೊಂದಿಕೆಯೇ ಇಲ್ಲ. 1000ಕ್ಕೆ ಹೋದಾಗ ಕಣ್ಣಿಗೆ ಕೆಂಪೂ ಕಾಣಲಿಲ್ಲ, ನೀಲಿಯೂ ಕಾಣಲಿಲ್ಲ. ಗೆರೆ ಪೂರ್ತಿ ನೇರಳೆ.

“ಸರ್, ಪ್ರೋಗ್ರಾಂನಲ್ಲಿ ಎಲ್ಲೋ ಬಗ್ ಇದೆ. ಖರ್ಚು ನಿಲ್ತಾ ಇದೆ, ಮ್ಯಾಪ್ ನಿಲ್ತಾ ಇಲ್ಲ,” ಅಂದಳು.

ಬಗ್ ಇರಲಿಲ್ಲ. ಪಕ್ಕಪಕ್ಕದ ಎರಡೆರಡು ಚುಕ್ಕಿ ಒಂದು ಜೋಡಿ ಅಂದುಕೊಳ್ಳಿ. ಅವೆರಡರ ನಡುವಿನ ಎತ್ತರಕ್ಕೆ ಸರಿಯಾಗಿ ಎಡದಲ್ಲಿ ಒಂದು ಗುರಿ, ಬಲದಲ್ಲಿ ಒಂದು ಗುರಿ. ಒಂದು ಎಡಕ್ಕೆ ಹೋಗಬೇಕು, ಇನ್ನೊಂದು ಬಲಕ್ಕೆ. ಯಾವುದು ಎಲ್ಲಿಗೆ ಹೋದರೂ ಖರ್ಚು ಅಷ್ಟೇ. 10 ಚುಕ್ಕಿ ಅಂದರೆ 5 ಜೋಡಿ, 32 ಉತ್ತರ. 32ಕ್ಕೂ ಖರ್ಚು ಒಂದೇ. 100 ಚುಕ್ಕಿ ಅಂದರೆ 2ರ 50ನೇ ಘಾತದಷ್ಟು. ಪ್ರೋಗ್ರಾಂ ಪ್ರತಿ ಸಲ ಅವುಗಳಲ್ಲಿ ಒಂದನ್ನು ಹೆಕ್ಕಿ ಕೊಡುತ್ತಿತ್ತು, ಅಷ್ಟೇ.

ಪ್ರಯತ್ನಗಳು

ಅವಳ ಮೊದಲ ಸಾಧನೆ (ಪ್ರೂಫ್) ಒಂದೇ ಪುಟದ್ದು. ಅತ್ಯುತ್ತಮ ಮ್ಯಾಪ್ ಒಂದನ್ನು ತೆಗೆದುಕೊಳ್ಳೋಣ ಎಂದು ಶುರು. ಖರ್ಚು 1ಕ್ಕಿಂತ ಜಾಸ್ತಿ ಇದ್ದರೆ ಪಟ್ಟೆಗಳನ್ನು ಇನ್ನಷ್ಟು ಸಣ್ಣ ಮಾಡಿ ಇಳಿಸಬಹುದು. ಆದ್ದರಿಂದ ಅತ್ಯುತ್ತಮ ಮ್ಯಾಪ್‌ನ ಖರ್ಚು ಸರಿಯಾಗಿ 1. ಆದ್ದರಿಂದ ಪ್ರತಿ ಕಣವೂ ಅಡ್ಡಡ್ಡವಾಗಿ, ಒಂದೇ ಎತ್ತರದಲ್ಲಿ ಹೋಗುತ್ತದೆ. ಮುಗಿಯಿತು.

ಪ್ರತಿ ‘ಆದ್ದರಿಂದ’ವೂ ಸರಿ, ಮೊದಲ ವಾಕ್ಯ ಮಾತ್ರ ತಪ್ಪು. ಇದಕ್ಕೆ ಗಣಿತಜ್ಞ ಓಸ್ಕರ್ ಪೆರಾನ್ ಹೆಸರಿನ ಒಂದು ಹಳೆಯ ತಮಾಷೆ ಇದೆ. ಅತಿ ದೊಡ್ಡ ಪೂರ್ಣಸಂಖ್ಯೆ ಯಾವುದು? ಅದು 1ಕ್ಕಿಂತ ದೊಡ್ಡದಾದರೆ ಅದರ ವರ್ಗ ಅದಕ್ಕಿಂತ ದೊಡ್ಡದಾಗುತ್ತದೆ, ಹಾಗಾಗುವಂತಿಲ್ಲ. ಆದ್ದರಿಂದ ಅತಿ ದೊಡ್ಡ ಪೂರ್ಣಸಂಖ್ಯೆ 1! ತರ್ಕದಲ್ಲಿ ಒಂದೂ ತೂತಿಲ್ಲ, ಇಲ್ಲದ ಸಂಖ್ಯೆಯನ್ನು ಇದೆ ಅಂದುಕೊಂಡದ್ದು ಬಿಟ್ಟರೆ. ಮುಖ್ಯ ಗೈಡ್ ಅವಳ ಪುಟದ ಅಂಚಿನಲ್ಲಿ ಈ ತಮಾಷೆಯನ್ನು ಬರೆದು ವಾಪಸ್ ಕೊಟ್ಟರು. ಅವಳು ಅದನ್ನು ಓದಿ, ತನ್ನ ಸಾಧನೆಯನ್ನು ಉಲ್ಟಾ ಓಡಿಸಿದಳು. ಈ ಪ್ರಕರಣದ ಮೊದಲ ತಿರುವು ಇದು.

ಉಲ್ಟಾ ಓಡಿಸಿದರೆ ಹೀಗೆ. ಮ್ಯಾಪ್ ಒಂದರ ಖರ್ಚು ಸರಿಯಾಗಿ 1 ಇದೆ ಅನ್ನೋಣ. ಯಾವ ಕಣವಾದರೂ ಕನಿಷ್ಠ 1 ಮೀಟರ್ ಸಾಗಲೇಬೇಕು. ಸರಾಸರಿಯೂ 1 ಆದರೆ ಹೆಚ್ಚುಕಡಿಮೆ ಎಲ್ಲ ಕಣಗಳೂ ತಮ್ಮ ಎತ್ತರದಲ್ಲೇ ಅಡ್ಡ ಹೋಗಬೇಕು. ಈಗ ಎಡಗೆರೆಯನ್ನು ನೋಡಿ. ಒಂದು ಎತ್ತರದ ಮರಳು ಎಡಕ್ಕೆ ಬಂದಿದ್ದರೆ ಪೂರ್ತಿ ಬಂದಿದೆ, ಬಲಕ್ಕೆ ಹೋಗಿದ್ದರೆ ಏನೂ ಬಂದಿಲ್ಲ. ಎಡಗೆರೆಗೆ ಬೇಕಾದದ್ದು ಎಲ್ಲ ಎತ್ತರದಲ್ಲೂ ಅರ್ಧ ಸಾಂದ್ರತೆ. ಪೂರ್ತಿ ಇದೆ, ಸೊನ್ನೆ ಇದೆ, ಅರ್ಧ ಎಲ್ಲೂ ಇಲ್ಲ. ಅಂದರೆ ಖರ್ಚು 1 ಇರುವ ಮ್ಯಾಪ್ ಇಲ್ಲವೇ ಇಲ್ಲ. 1ಕ್ಕೆ ಬೇಕಾದಷ್ಟು ಹತ್ತಿರ ಹೋಗಬಹುದು, 1 ಮುಟ್ಟುವುದಕ್ಕಾಗುವುದಿಲ್ಲ.

ಎರಡನೇ ಪ್ರಯತ್ನ ಪಾಠಪುಸ್ತಕದ ದಾರಿ. ಖರ್ಚು ಇಳಿಯುತ್ತಾ ಹೋಗುವ ಮ್ಯಾಪ್‌ಗಳ ಒಂದು ಸಾಲು ತೆಗೆದುಕೊಂಡು ಅದರ ಲಿಮಿಟ್, ಅಂದರೆ ಆ ಸಾಲು ಹತ್ತಿರವಾಗುತ್ತಾ ಹೋಗುವ ಮ್ಯಾಪ್, ಹುಡುಕುವುದು. ಹಿಲ್ಬರ್ಟ್‌ನಿಂದ ಬಂದ ಈ ಕ್ರಮಕ್ಕೆ ಡೈರೆಕ್ಟ್ ಮೆಥಡ್ ಎನ್ನುತ್ತಾರೆ. ಪಟ್ಟೆಗಳು ಸಣ್ಣದಾಗುತ್ತಾ ಹೋಗುವ ಮ್ಯಾಪ್‌ಗಳಿಗೆ ಸಾಮಾನ್ಯ ಅರ್ಥದ ಲಿಮಿಟ್ ಇಲ್ಲ, ಒಂದೇ ಕಣ ಒಮ್ಮೆ ಎಡ ಒಮ್ಮೆ ಬಲ ಅಂತ ಕುಣಿಯುತ್ತಿರುತ್ತದೆ. ವೀಕ್ ಲಿಮಿಟ್ ಇದೆ. ಅದು ಅಕ್ಕಪಕ್ಕದ ಬೆಲೆಗಳ ಸರಾಸರಿಯನ್ನು ಹಿಡಿಯುತ್ತದೆ.

ಅವಳು ಅದನ್ನು ಲೆಕ್ಕ ಹಾಕಿದಳು. ಎಡಗೆರೆಯ ಬಿಂದು ಮತ್ತು ಬಲಗೆರೆಯ ಬಿಂದುವಿನ ಸರಾಸರಿ ಏನು? ನಡುಗೆರೆಯ ಬಿಂದು. ಅದೇ ಎತ್ತರದ್ದು. “ಸರ್, ಲಿಮಿಟ್ ತಗೊಂಡ್ರೆ ಮರಳು ಅಲ್ಲಾಡೋದೇ ಇಲ್ಲ!”

ನಿಜ. ಲಿಮಿಟ್ ಮ್ಯಾಪ್ ಪ್ರಕಾರ ಪ್ರತಿ ಕಣವೂ ಇದ್ದಲ್ಲೇ ಇದೆ. ಖರ್ಚು ಸೊನ್ನೆ, ಎಡಗೆರೆಗೂ ಬಲಗೆರೆಗೂ ಒಂದು ಹರಳೂ ತಲುಪಿಲ್ಲ. ನನ್ನ ಮಟ್ಟಿಗೆ ಇಡೀ ಪ್ರಾಜೆಕ್ಟ್‌ನ ಅತ್ಯಂತ ಬೆಲೆಬಾಳುವ ಸಾಲು ಇದೇ. ‘ಈ ನಿರ್ಬಂಧ ವೀಕ್ ಲಿಮಿಟ್‌ಗೆ ಉಳಿಯುವುದಿಲ್ಲ’ ಎಂದು ತರಗತಿಯಲ್ಲಿ ಬೋರ್ಡಿನ ಮೇಲೆ ಬರೆದರೆ ಹುಡುಗರು ನೋಟ್ಸಿಗೆ ಇಳಿಸಿಕೊಳ್ಳುತ್ತಾರೆ, ಸುಮ್ನೆ. ಮರಳು ಅಲ್ಲಾಡಲಿಲ್ಲ ಎಂದು ತಾವೇ ಕಂಡುಕೊಂಡರೆ ಮರೆಯುವುದಿಲ್ಲ.

ನಿರ್ಧಾರ

ಇಲ್ಲಿ ಗೈಡ್‌ಗಳಿಬ್ಬರ ಅಭಿಪ್ರಾಯ ಬೇರೆಯಾಯಿತು. ಮುಖ್ಯ ಗೈಡ್ ಹೇಳಿದ್ದು ಹೀಗೆ: ಗೆರೆಯ ಉದಾಹರಣೆ ಬಿಡು. ಮೂಲ ಮರಳಿಗೆ ಸಾಂದ್ರತೆ ಇದೆ, ಅಂದರೆ ಅದು ದಪ್ಪವಿಲ್ಲದ ಗೆರೆಯ ಮೇಲಲ್ಲ, ಅಗಲ ಇರುವ ಜಾಗದ ಮೇಲೆ ಹರಡಿದೆ, ಖರ್ಚು ದೂರದ ವರ್ಗ ಎಂದಿಟ್ಟುಕೊ. ಬ್ರೆನಿಯೆ ಪ್ರಮೇಯ ಮ್ಯಾಪ್ ಕೊಟ್ಟೇ ಕೊಡುತ್ತದೆ. ಅದನ್ನು ಉಲ್ಲೇಖಿಸಿ ಲೆಕ್ಕಕ್ಕೆ ಹೋಗು. ಸಲ್ಲಿಸುವ ದಿನ ಹತ್ತಿರ ಬರುತ್ತಿತ್ತು, ಸಲಹೆಯಲ್ಲಿ ಹುರುಳಿತ್ತು. ಅವಳಿಗೆ ಅದು ಒಗ್ಗಲಿಲ್ಲ. ತನ್ನ ಉದಾಹರಣೆ ಯಾಕೆ ಕೆಡುತ್ತದೆ ಎಂದು ತಿಳಿಯದೆ ಒಳ್ಳೆಯ ಉದಾಹರಣೆಗೆ ಹಾರಿದರೆ ಪ್ರಮೇಯದ ಷರತ್ತು ಯಾಕಿದೆ ಅಂತಲೇ ಗೊತ್ತಾಗುವುದಿಲ್ಲ ಅನ್ನುವುದು ಅವಳ ವಾದ. ನಾನು ಅವಳ ಕಡೆ ನಿಂತೆ. ಕೊನೆಗೆ ಒಪ್ಪಂದವಾಯಿತು: ಕೆಟ್ಟ ಉದಾಹರಣೆ ಮೊದಲು, ಅದಕ್ಕೆ ಹೊಂದುವ ಹಾಗೆ ಸಮಸ್ಯೆಯನ್ನು ಸಡಿಲಿಸುವುದು ಆಮೇಲೆ, ಬ್ರೆನಿಯೆ ಕೊನೆಗೆ.

ಸಡಿಲಿಸುವ ಉಪಾಯ ಲಿಯೊನಿಡ್ ಕಾಂಟರೊವಿಚ್‌ನದು. ಲೆನಿನ್‌ಗ್ರಾಡ್‌ನಲ್ಲಿದ್ದ ಆತನ ಹತ್ತಿರ 1938ರಲ್ಲಿ ಪ್ಲೈವುಡ್ ಉದ್ಯಮದವರು ಯಂತ್ರಗಳ ಕೆಲಸ ಹಂಚುವ ಒಂದು ಲೆಕ್ಕ ತಂದಿದ್ದರು. ಅದರಿಂದ ಹೊರಟು 1939ರಲ್ಲಿ ಒಂದು ಪುಸ್ತಿಕೆ, 1942ರಲ್ಲಿ ಸಾಗಣೆಯ ಕುರಿತ ಪುಟ್ಟ ಲೇಖನ ಬಂತು. ತನ್ನ ಸಮಸ್ಯೆಗೂ ಮೊಂಜ್‌ನದಕ್ಕೂ ಇರುವ ನಂಟನ್ನು ಬರೆದದ್ದು 1948ರಲ್ಲಿ. 1975ರ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಆತನಿಗೂ ಕೂಪ್‌ಮನ್ಸ್‌ಗೂ ಸಂದಿತು.

ಕಾಂಟರೊವಿಚ್ ಮಾಡಿದ್ದು ಇಷ್ಟು: ಒಂದು ಕಣಕ್ಕೆ ಒಂದೇ ವಿಳಾಸ ಅನ್ನುವ ನಿಯಮ ತೆಗೆದುಹಾಕಿದ. ನಾಲ್ಕು ಗೋಡೌನಿನ ಭತ್ತವನ್ನು ಐದು ಮಿಲ್ಲಿಗೆ ಕಳಿಸುವವರು ಇಡುವ ಕೋಷ್ಟಕ ನೆನಪಿಸಿಕೊಳ್ಳಿ. ಪ್ರತಿ ಮನೆಯಲ್ಲಿ ಈ ಗೋಡೌನಿನಿಂದ ಆ ಮಿಲ್ಲಿಗೆ ಎಷ್ಟು ಎಂಬ ಅಂಕಿ. ಅಡ್ಡಸಾಲು ಕೂಡಿದರೆ ಗೋಡೌನಿನ ದಾಸ್ತಾನು, ಕಂಬಸಾಲು ಕೂಡಿದರೆ ಮಿಲ್ಲಿನ ಬೇಡಿಕೆ. ಇದೇ ಪ್ಲಾನ್. ಮರಳಿನ ಹಾಗೆ ಬಿಡಿಬಿಡಿಯಲ್ಲದ ಸರಕಿದ್ದರೆ ಕೋಷ್ಟಕದ ಜಾಗದಲ್ಲಿ ಜೋಡಿ ಬಿಂದುಗಳ ಮೇಲಿನ ಒಂದು ಮೆಷರ್, ಅಂದರೆ ಎಲ್ಲಿಂದ ಎಲ್ಲಿಗೆ ಎಷ್ಟು ತೂಕ ಎಂಬ ಲೆಕ್ಕ. ಪ್ರತಿ ಮ್ಯಾಪ್ ಕೂಡ ಒಂದು ಪ್ಲಾನ್. ಪ್ರತಿ ಪ್ಲಾನ್ ಮ್ಯಾಪ್ ಆಗಬೇಕಿಲ್ಲ.

ಏನಾಯಿತು

ಹೊಸ ಸಮಸ್ಯೆಯಲ್ಲಿ ಡೈರೆಕ್ಟ್ ಮೆಥಡ್ ಸಲೀಸಾಗಿ ಓಡಿತು. ಪ್ಲಾನ್ ಅಂತ ಒಂದಾದರೂ ಇದೆಯಾ? ಇದೆ. ಎಲ್ಲ ಕಡೆಯಿಂದ ಎಲ್ಲ ಕಡೆಗೂ ಅನುಪಾತದಂತೆ ಹಂಚುವ ಪ್ಲಾನ್ ಯಾವಾಗಲೂ ಇರುತ್ತದೆ. ಖರ್ಚು ಇಳಿಯುವ ಪ್ಲಾನ್‌ಗಳ ಸಾಲಿಗೆ ಲಿಮಿಟ್ ಸಿಗುತ್ತದಾ? ಅವಳು ಹೆದರಿದ್ದು ಇಲ್ಲಿ. ಸರಕು ಜಾರುತ್ತಾ ಅನಂತಕ್ಕೆ ಓಡಿಹೋದರೆ?

ಗೆರೆಗಳ ಉದಾಹರಣೆಯಲ್ಲಿ ಓಡಲು ಜಾಗವೇ ಇಲ್ಲ. ಪೂರ್ತಿ ಸಮತಲದ ಮೇಲೆ ಹರಡಿದ ಸರಕಾದರೆ ಈ ಭಯ ಸಹಜ. ಉತ್ತರ ಎರಡೇ ಸಾಲಿನಲ್ಲಿದೆ. ಮೂಲದ ಸರಕಿನಲ್ಲಿ ನೂರಕ್ಕೆ 99 ಪಾಲು ಒಂದು ಸೀಮಿತ ಜಾಗದೊಳಗಿದೆ ಅನ್ನಿ. ಗುರಿಯಲ್ಲೂ ನೂರಕ್ಕೆ 99 ಪಾಲು ಇನ್ನೊಂದು ಸೀಮಿತ ಜಾಗದೊಳಗೆ. ಹಾಗಾದರೆ ಯಾವ ಪ್ಲಾನ್ ತೆಗೆದುಕೊಂಡರೂ, ಮೊದಲ ಜಾಗದಿಂದ ಹೊರಟು ಎರಡನೇ ಜಾಗದಲ್ಲಿ ಇಳಿಯುವ ಸರಕು ನೂರಕ್ಕೆ 98ಕ್ಕಿಂತ ಕಡಿಮೆ ಆಗುವಂತಿಲ್ಲ. ತಪ್ಪಿಸಿಕೊಳ್ಳುವ ಸರಕು ಒಂದೋ ಹೊರಗಿನಿಂದ ಹೊರಟಿರಬೇಕು, ಇಲ್ಲ ಹೊರಗೆ ಇಳಿದಿರಬೇಕು. ಎರಡೂ ಸೇರಿ 2 ಪಾಲು ಮೀರುವುದಿಲ್ಲ. ಪ್ಲಾನ್ ಎಷ್ಟೇ ಕಿತಾಪತಿ ಮಾಡಿದರೂ ಎರಡೂ ತುದಿ ಗೂಟಕ್ಕೆ ಕಟ್ಟಿದೆ, ಓಡುವುದಕ್ಕಾಗುವುದಿಲ್ಲ. 99ರ ಜಾಗದಲ್ಲಿ 99.9 ಹಾಕಿದರೂ ಇದೇ ಮಾತು. ಟೈಟ್‌ನೆಸ್ ಎನ್ನುವುದು ಇದನ್ನೇ. ಪ್ರೊಖೊರೊವ್‌ನ 1956ರ ಪ್ರಮೇಯ ಇಷ್ಟನ್ನು ಇಟ್ಟುಕೊಂಡು ಲಿಮಿಟ್ ಕೊಡುತ್ತದೆ.

ಉಳಿದದ್ದು ಬೇಗ ಮುಗಿಯಿತು. ಅಡ್ಡಸಾಲು ಕಂಬಸಾಲುಗಳ ಮೊತ್ತ ಲಿಮಿಟ್‌ನಲ್ಲೂ ಹಾಗೇ ಉಳಿಯುತ್ತದೆ, ಮ್ಯಾಪ್‌ಗಳಿಗೆ ಕೈಕೊಟ್ಟದ್ದು ಇದೇ ಹೆಜ್ಜೆ. ಲಿಮಿಟ್‌ನಲ್ಲಿ ಖರ್ಚು ಥಟ್ಟನೆ ಮೇಲಕ್ಕೆ ಜಿಗಿಯುವುದೂ ಇಲ್ಲ. ಆದ್ದರಿಂದ ಅತ್ಯುತ್ತಮ ಪ್ಲಾನ್ ಇದೆ.

ಅವಳ ಪಟ್ಟೆಗಳ ಲಿಮಿಟ್ ಈಗ ಏನು? ಪ್ರತಿ ಎತ್ತರದಲ್ಲೂ ಅರ್ಧ ಮರಳು ಎಡಕ್ಕೆ, ಅರ್ಧ ಬಲಕ್ಕೆ, ಅಡ್ಡಡ್ಡವಾಗಿ. ಖರ್ಚು ಸರಿಯಾಗಿ 1. ಪರದೆಯ ಮೇಲಿನ ನೇರಳೆ ಬಣ್ಣ ಹೇಳುತ್ತಿದ್ದದ್ದು ಇದನ್ನೇ. ಪ್ರೋಗ್ರಾಂ ಸರಿಯಾಗೇ ಇತ್ತು, ಉತ್ತರವನ್ನು ಮ್ಯಾಪ್‌ಗಳ ಒಳಗೇ ಹುಡುಕಿದ್ದರಿಂದ ಕಾಣಲಿಲ್ಲ.

ಮೌಖಿಕ ಪರೀಕ್ಷೆಯಲ್ಲಿ ಒಬ್ಬರು ಕೇಳಿದರು: “ಪ್ಲಾನ್ ಸಿಕ್ತು, ಸಂತೋಷ. ಮ್ಯಾಪ್ ಯಾವಾಗ ಸಿಗುತ್ತೆ ಹೇಳಮ್ಮ?” ಅವಳು ನಡುಗೆರೆಗೆ ದಪ್ಪ ಕೊಟ್ಟು ತೋರಿಸಿದಳು. ನಡುಗೆರೆಯ ಬದಲು 20 ಸೆಂಟಿಮೀಟರ್ ಅಗಲದ ಪಟ್ಟಿ, ಅದರ ಮೇಲೆ ಅದೇ 1 ಕೆಜಿ ಮರಳು. ಈಗ ಪಟ್ಟಿಯ ಎಡ ಅರ್ಧ ಎಡಗೆರೆಗೆ ಹೋಗುತ್ತದೆ, ಬಲ ಅರ್ಧ ಬಲಗೆರೆಗೆ. ಎತ್ತರ ಬದಲಾಗುವುದಿಲ್ಲ. ಒಂದು ಕಣಕ್ಕೆ ಒಂದೇ ವಿಳಾಸ, ಎರಡೂ ಕಡೆ ಅರ್ಧರ್ಧ ಕೆಜಿ ಸಮನಾಗಿ ಬೀಳುತ್ತದೆ. ಸರಾಸರಿ ಸಾಗಿದ ದೂರ 0.95 ಮೀಟರ್. ಇದಕ್ಕಿಂತ ಕಡಿಮೆ ಆಗದು ಅನ್ನುವುದಕ್ಕೆ ಅವಳ ಹತ್ತಿರ ಒಂದೇ ಸಾಲಿನ ಸಾಕ್ಷಿ ಇತ್ತು. ಯಾವ ಕಣವೇ ಆಗಲಿ, ಎಷ್ಟು ಸಾಗಿತೋ ಅದಕ್ಕಿಂತ ಹೆಚ್ಚಾಗಿ ನಡುವಿನಿಂದ ಅಡ್ಡಕ್ಕೆ ದೂರ ಸರಿದಿರಲಾರದು. ಪಟ್ಟಿಯ ಮರಳು ನಡುವಿನಿಂದ ಸರಾಸರಿ 5 ಸೆಂಟಿಮೀಟರ್ ದೂರದಲ್ಲಿದೆ, ಗುರಿ 100 ಸೆಂಟಿಮೀಟರ್ ದೂರದಲ್ಲಿದೆ. ಹಾಗಾಗಿ 95 ಸೆಂಟಿಮೀಟರ್ ಯಾರೂ ತಪ್ಪಿಸಲಾರರು.

ಪಟ್ಟಿಯ ಅಗಲವನ್ನು 2 ಸೆಂಟಿಮೀಟರ್‌ಗೆ ಇಳಿಸಿದರೂ ಮ್ಯಾಪ್ ಇದೆ, ಖರ್ಚು 0.995. ಕೂದಲೆಳೆಗೆ ಇಳಿಸಿದರೂ ಇದೆ. ಅಗಲ ಸೊನ್ನೆಯಾದ ಕೂಡಲೇ ಎಡ ಅರ್ಧವೂ ಬಲ ಅರ್ಧವೂ ಒಂದೇ ಬಿಂದುವಿನ ಮೇಲೆ ಬಂದು ಕೂರುತ್ತವೆ, ಮ್ಯಾಪ್ ಮಾಯ.

ಯಾನ್ ಬ್ರೆನಿಯೆ 1987ರಲ್ಲಿ ಚುಟುಕಾಗಿ ಪ್ರಕಟಿಸಿ 1991ರಲ್ಲಿ ವಿವರವಾಗಿ ಬರೆದ ಪ್ರಮೇಯದಲ್ಲಿ ಮೂಲಕ್ಕೆ ಸಾಂದ್ರತೆ ಬೇಕು ಎಂಬ ಷರತ್ತು ಇರುವುದು ಇದಕ್ಕೇ. ಖರ್ಚು ದೂರದ ವರ್ಗ ಆಗಿದ್ದರೆ, ಆ ಷರತ್ತಿನ ಕೆಳಗೆ ಅತ್ಯುತ್ತಮ ಮ್ಯಾಪ್ ಒಂದೇ ಒಂದು ಇರುತ್ತದೆ, ಮತ್ತು ಅದು ಒಂದು ಕಾನ್ವೆಕ್ಸ್ ಫಂಕ್ಷನ್‌ನ (ಬಟ್ಟಲಿನ ಹಾಗೆ ಬಾಗಿದ ಗ್ರಾಫಿನದ್ದು) ಗ್ರೇಡಿಯಂಟ್, ಅಂದರೆ ಪ್ರತಿ ಬಿಂದುವಿನಲ್ಲಿ ಅದರ ಇಳಿಜಾರು. ಪಟ್ಟಿಯ ಲೆಕ್ಕದಲ್ಲಿ ಆ ಫಂಕ್ಷನ್ ಕಣ್ಣಿಗೇ ಕಾಣುತ್ತದೆ: ನಡುವಿನಿಂದ ಇರುವ ಅಡ್ಡದೂರ ಕೂಡಿಸು ಎತ್ತರದ ವರ್ಗದ ಅರ್ಧ. ಅಡ್ಡದೂರದ ಗ್ರಾಫಿಗೆ ನಡುವಿನಲ್ಲಿ ಒಂದು ಚೂಪು ಇದೆ, ಮರಳು ಎಡ ಬಲ ಸೀಳುವುದು ಆ ಚೂಪಿನಲ್ಲೇ. ಪಟ್ಟಿಗೆ ಅಗಲ ಇದ್ದಾಗ ಚೂಪಿನ ಮೇಲಿರುವ ಮರಳಿನ ತೂಕ ಸೊನ್ನೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲ. ಗೆರೆಯಾದಾಗ ಇಡೀ 1 ಕೆಜಿ ಚೂಪಿನ ಮೇಲೇ ಕೂತಿದೆ.

ಇದರಿಂದ ಕಲಿತದ್ದು

ಗೈಡ್ ಆಗಿರುವವರಿಗೆ ಒಂದು ಮಾತು. ವಿದ್ಯಾರ್ಥಿಯ ಉದಾಹರಣೆ ಪ್ರಮೇಯಕ್ಕೆ ಹೊಂದದಿದ್ದರೆ ಉದಾಹರಣೆಯನ್ನು ಬದಲಿಸಲು ಹೇಳುವ ಮುಂಚೆ, ಯಾವ ಹೆಜ್ಜೆಯಲ್ಲಿ ಕೈಕೊಡುತ್ತದೆ ಎಂದು ಬೆರಳಿಟ್ಟು ತೋರಿಸಲು ಹೇಳಿ. ಇಲ್ಲಿ ಆ ಹೆಜ್ಜೆ ಸಿಕ್ಕಿದ ಮೇಲೆ ಮುಂದಿನದೆಲ್ಲ ತಾನಾಗಿ ಬಂತು. ಏನನ್ನು ಸಡಿಲಿಸಬೇಕು ಅಂತಲೂ ಅದೇ ಹೇಳಿಕೊಟ್ಟಿತು.

ಕಂಪ್ಯೂಟರ್ ಬಳಸುವವರಿಗೆ ಇನ್ನೊಂದು. ಖರ್ಚಿನ ಅಂಕಿ ಒಂದು ಕಡೆ ನಿಂತರೆ ಉತ್ತರ ಸಿಕ್ಕಿತು ಎಂದಲ್ಲ. ಚುಕ್ಕಿಗಳನ್ನು ಹೆಚ್ಚಿಸಿದಾಗ ಉತ್ತರದ ಚಿತ್ರ ನಿಲ್ಲುತ್ತದಾ, ಕೊಡುವ ಕ್ರಮ ಬದಲಿಸಿದರೆ ಚಿತ್ರ ಬದಲಾಗುತ್ತದಾ ಎಂದೂ ನೋಡಬೇಕು. ಬಿಡಿ ಚುಕ್ಕಿಗಳ ಲೆಕ್ಕಕ್ಕೆ ಉತ್ತರ ಯಾವಾಗಲೂ ಇರುತ್ತದೆ, ಆಯ್ಕೆಗಳು ಎಣಿಸಿ ಮುಗಿಯುವಷ್ಟೇ ಇರುವುದರಿಂದ. ಆ ಧೈರ್ಯವನ್ನು ಗೆರೆಯ ಲೆಕ್ಕಕ್ಕೆ ಹೊತ್ತುಕೊಂಡು ಹೋಗುವಂತಿಲ್ಲ.

ಹೀಗೆ ಎಡವುವುದು ವಿದ್ಯಾರ್ಥಿಗಳು ಮಾತ್ರ ಅಂದುಕೊಳ್ಳಬೇಡಿ. ಖರ್ಚು ಬರೀ ದೂರವೇ ಆಗಿರುವ ಮೊಂಜ್‌ನ ಮೂಲ ಸಮಸ್ಯೆ ದೂರದ ವರ್ಗದ್ದಕ್ಕಿಂತ ಕಷ್ಟ. ಗಣಿತಜ್ಞ ಸುಡಕೊವ್ 1979ರಲ್ಲಿ, ಅದಕ್ಕೂ ಅತ್ಯುತ್ತಮ ಮ್ಯಾಪ್ ಇದೆ ಎಂದು ಸಾಧನೆ ಕೊಟ್ಟ. ಸರಕನ್ನು ಸಾಗುವ ಗೆರೆಗಳಾಗಿ ಸೀಳಿ, ಒಂದೊಂದು ಗೆರೆಯ ಮೇಲೆ ಸಮಸ್ಯೆ ಬಿಡಿಸಿ, ಮತ್ತೆ ಜೋಡಿಸುವ ಉಪಾಯ. ಹಾಗೆ ಸೀಳಿದಾಗ ಪ್ರತಿ ಗೆರೆಯ ಮೇಲೂ ಸಾಂದ್ರತೆ ಉಳಿಯುತ್ತದೆ ಎಂದು ಆತ ಹೇಳಿದ್ದ. ಅದು ಎಲ್ಲ ಸಂದರ್ಭಕ್ಕೂ ನಿಜವಲ್ಲ ಎಂದು ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ. ಅಷ್ಟರಲ್ಲಿ ಇವಾನ್ಸ್ ಮತ್ತು ಗಾಂಗ್ಬೊ 1999ರಲ್ಲಿ ಬೇರೆ ದಾರಿಯಿಂದ, ಸಾಂದ್ರತೆಯ ಮೇಲೆ ಹೆಚ್ಚಿನ ಷರತ್ತು ಹಾಕಿ, ಮ್ಯಾಪ್ ಇದೆ ಎಂದು ಸಾಧಿಸಿದ್ದರು. ಆಮೇಲಿನ ಕೆಲವೇ ವರ್ಷಗಳಲ್ಲಿ ಟ್ರುಡಿಂಗರ್ ಮತ್ತು ವಾಂಗ್, ಕಫರೆಲ್ಲಿ, ಫೆಲ್ಡ್‌ಮನ್ ಮತ್ತು ಮೆಕ್ಯಾನ್, ಹಾಗೂ ಆಂಬ್ರೋಸಿಯೊ ಆ ಷರತ್ತುಗಳನ್ನು ಸಡಿಲಿಸಿದರು. ಮೊಂಜ್ ಕೇಳಿ ಇನ್ನೂರು ವರ್ಷ ದಾಟಿತ್ತು.

ವರದಿ ಸಲ್ಲಿಸುವಾಗ ವಿದ್ಯಾರ್ಥಿನಿ ಒಂದು ಕೆಲಸ ಹೆಚ್ಚಿಗೆ ಮಾಡಿದಳು. ಪ್ರತಿ ಪ್ರಮೇಯದ ಕೆಳಗೆ, ಅದರ ಒಂದೊಂದು ಷರತ್ತೂ ಸಾಧನೆಯ ಯಾವ ಸಾಲಿನಲ್ಲಿ ಬಳಕೆಯಾಗಿದೆ ಎಂದು ಬರೆದಳು. ಎರಡು ಕಡೆ ಷರತ್ತು ಎಲ್ಲೂ ಬಳಕೆಯಾಗಿರಲಿಲ್ಲ, ತೆಗೆದುಹಾಕಿದಳು. ಮುಖ್ಯ ಗೈಡ್ ಈಗ ತಮ್ಮ ಎಲ್ಲ ವಿದ್ಯಾರ್ಥಿಗಳಿಗೂ ಅದೇ ಕೆಲಸ ಹಚ್ಚುತ್ತಾರೆ.